ಡಿಫ್ ಹಲ್ಲು ಮುರಿದರೆ ಮೊದಲು ಬೇರಿಂಗ್ ನೋಡಿ

ಡಿಫ್ ಅಂದರೆ ಡಿಫರೆನ್ಷಿಯಲ್, ಎಡ ಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಜೋಡಣೆ. ಅದರ ಕ್ರೌನ್-ಪಿನಿಯನ್ (ದೊಡ್ಡ ಗೇರ್ ಮತ್ತು ಅದನ್ನು ತಿರುಗಿಸುವ ಸಣ್ಣ ಗೇರ್) ಮೂರು ಸಲ ಬದಲಿಸಿದ ರಿಮೋಟ್ ಕಂಟ್ರೋಲ್ ಟ್ರಕ್ ಒಂದು ನನ್ನ ಬೆಂಚಿಗೆ ಬಂತು. 1/10 ಅಳತೆಯ ಶಾರ್ಟ್ ಕೋರ್ಸ್ ಟ್ರಕ್, ಫೋರ್ ವೀಲ್ ಡ್ರೈವ್, ಬ್ರಶ್‌ಲೆಸ್ ಮೋಟರ್, ಮೂರು ಸೆಲ್ಲಿನ (3ಎಸ್) ಲಿಪೊ ಬ್ಯಾಟರಿ. "ಸರ್, ಈ ಸಲ ಸ್ಟೀಲ್ ಗೇರೇ ಹಾಕಿಸಿದ್ದೆ, ಎರಡು ವಾರಕ್ಕೆ ಹೋಯ್ತು" ಅಂದ ಹುಡುಗ. ನಾನು ಗೇರ್ ನೋಡಲೇ ಇಲ್ಲ. ಔಟ್‌ಡ್ರೈವ್ (ಡಿಫ್ ಪಕ್ಕದಿಂದ ಚಕ್ರದ ಕಡೆಗೆ ಹೊರಬರುವ ತುದಿ) ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದೆ. ಅಲ್ಲಾಡಿತು. ಬೇರಿಂಗ್ ಹೋಗಿತ್ತು, ಬಹುಶಃ ಮೊದಲ ಹಲ್ಲು ಮುರಿಯುವ ಮುಂಚೆಯೇ. ಮೂರು ಸಲ ಬಿಚ್ಚಿದವರೂ ಅದನ್ನು ಮುಟ್ಟಿರಲಿಲ್ಲ.

ಹಲ್ಲು ಮುರಿಯೋದು ಹಲ್ಲು ಮೆತ್ತಗಿದೆ ಅಂತಲ್ಲ. ಬೇರಿಂಗ್ ಸವೆದರೆ ಡಿಫ್ ಪೂರ್ತಿ ಒಂದು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಯುತ್ತದೆ. ಕೈಯಲ್ಲಿ ತಿರುಗಿಸಿದಾಗ ಏನೂ ಗೊತ್ತಾಗಲ್ಲ. ಥ್ರಾಟಲ್ ಒತ್ತಿದಾಗ ಮಾತ್ರ ಪಿನಿಯನ್ ಕ್ರೌನ್ ಗೇರನ್ನು ತನ್ನಿಂದ ದೂರ ತಳ್ಳುತ್ತದೆ, ಆಗ ಹಲ್ಲಿನ ಬುಡ ಹೊರಬೇಕಾದ ಭಾರವನ್ನೆಲ್ಲ ತುದಿ ಹೊರುತ್ತದೆ. ತುದಿ ಚೂರಾಗುತ್ತದೆ. ಆ ಚೂರು ಗ್ರೀಸಿನಲ್ಲಿ ಸುತ್ತಿ ಉಳಿದ ಹಲ್ಲುಗಳನ್ನೂ ತಿನ್ನುತ್ತದೆ. ಹೊಸ ಸ್ಟೀಲ್ ಗೇರ್ ಹಾಕಿದರೂ ಅದೇ ಸಡಿಲ ಜಾಗದಲ್ಲಿ ತಾನೇ ಅದು ಕೂರೋದು?

ಬಿಚ್ಚುವ ಮುಂಚೆ ಇನ್ನೊಂದು ಮಾತು. ಕಟಕಟ ಸದ್ದು ಬಂದ ಕೂಡಲೇ ಡಿಫ್ ಅಂತ ತೀರ್ಮಾನಿಸಬೇಡಿ. ಚಕ್ರ ಬಿಚ್ಚಿ, ಒಳಗಿನ ಹೆಕ್ಸ್, ಅಂದರೆ ಚಕ್ರ ಕೂರುವ ಆರು ಮೂಲೆಯ ತುಂಡು, ನೋಡಿ (1/10ಕ್ಕೆ ಸಾಮಾನ್ಯವಾಗಿ 12 ಮಿ.ಮೀ., 1/8ಕ್ಕೆ 17). ಅದರ ಹಿಂದಿನ ಸಣ್ಣ ಪಿನ್ ಬಿದ್ದುಹೋಗಿದ್ದರೂ ಅದೇ ಸದ್ದು ಬರುತ್ತದೆ. ಹತ್ತು ನಿಮಿಷದ ಕೆಲಸಕ್ಕೆ ಇಡೀ ಗಾಡಿ ಬಿಚ್ಚಿ ತಂದವರನ್ನು ನಾನು ನೋಡಿದ್ದೇನೆ. ಸ್ಪರ್ ಗೇರ್ (ಮೋಟರ್ ನೇರವಾಗಿ ತಿರುಗಿಸುವ ದೊಡ್ಡ ಗೇರ್), ಸ್ಲಿಪ್ಪರ್ ಕ್ಲಚ್ (ಹೊಡೆತ ಜಾಸ್ತಿಯಾದಾಗ ಜಾರುವ ಕ್ಲಚ್) ಕೂಡ ನೋಡಿ. ಆಮೇಲೆ ಸ್ಪರ್ ಗೇರನ್ನು ಬೆರಳಲ್ಲಿ ಗಟ್ಟಿ ಹಿಡಿದು, ಗಾಡಿ ಎತ್ತಿ, ಹಿಂದಿನ ಒಂದು ಚಕ್ರ ತಿರುಗಿಸಿ. ಪಕ್ಕದ್ದು ಉಲ್ಟಾ ದಿಕ್ಕಿಗೆ ನುಣ್ಣಗೆ ತಿರುಗಿದರೆ ಒಳಗಿನ ಸ್ಪೈಡರ್ ಗೇರ್ ಚೆನ್ನಾಗಿವೆ. ತಡೆಯೇ ಇಲ್ಲದೆ ಸುಮ್ನೆ ಗಿರ್ರನೆ ತಿರುಗಿದರೆ ಎಣ್ಣೆ ಸೋರಿಹೋಗಿದೆ. ಎರಡೂ ಚಕ್ರವನ್ನು ಒಟ್ಟಿಗೆ ಬಲವಾಗಿ ತಿರುಗಿಸಿದಾಗ ಸ್ಪರ್ ಅಲ್ಲಾಡದೆ ಕಟ್ ಅಂತ ಜಾರಿದರೆ ಕ್ರೌನ್-ಪಿನಿಯನ್.

ಈ ಎರಡು ಜೋಡಿಯನ್ನು ಬೇರೆ ಬೇರೆಯಾಗಿ ನೋಡುವುದು ಮುಖ್ಯ. ಹೊರಗಿನ ಕ್ರೌನ್-ಪಿನಿಯನ್ ಬರೀ ಶಕ್ತಿ ಸಾಗಿಸುತ್ತದೆ. ಡಿಫ್ ಕಪ್ಪಿನ (ಎಣ್ಣೆ ತುಂಬುವ ಡಬ್ಬಿ) ಒಳಗಿರುವ ಸ್ಪೈಡರ್ ಗೇರ್‌ಗಳು ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ, ಒಳಗಿನದು ಕಡಿಮೆ ಸುತ್ತಲು ಬಿಡುತ್ತವೆ. ಕೆಸರು ಗದ್ದೆಯಲ್ಲಿ ಟ್ರ್ಯಾಕ್ಟರ್ ಸಿಕ್ಕಿಹಾಕಿಕೊಂಡು ಒಂದೇ ಚಕ್ರ ಸುತ್ತುವುದನ್ನು, ಡ್ರೈವರ್ ಡಿಫ್ ಲಾಕ್ ಪೆಡಲ್ ತುಳಿಯುವುದನ್ನು ನೀವು ನೋಡಿರಬಹುದು. ನಮ್ಮ ಟ್ರಕ್ಕಿನಲ್ಲಿ ಆ ಪೆಡಲ್ ಇಲ್ಲ. ಅದರ ಅರ್ಧ ಕೆಲಸವನ್ನು ದಪ್ಪ ಸಿಲಿಕೋನ್ ಎಣ್ಣೆ ಮಾಡುತ್ತದೆ.

ಸರಿ, ಬಿಚ್ಚಿದಿರಿ. ಹಳೆ ಗ್ರೀಸನ್ನು ಬೆರಳಲ್ಲಿ ತಿಕ್ಕಿ ನೋಡಿ. ಬೆಂಗಳೂರಿನ ಆಚೆ ಹೊಸ ಲೇಔಟ್‌ಗಳಲ್ಲಿ ಓಡಿಸುವವರ ಟ್ರಕ್ಕಿನಲ್ಲಿ ಅದು ಗ್ರೀಸ್ ಆಗಿರಲ್ಲ, ಎಂ ಸ್ಯಾಂಡ್ ಬೆರೆತ ಸಾಣೆ ಪೇಸ್ಟ್ ಆಗಿರುತ್ತದೆ. ಸಿಲಿಕೋನ್ ಎಣ್ಣೆ ಸೋಪಿಗೆ ಹೋಗಲ್ಲ, ಬಣ್ಣದ ಅಂಗಡಿಯ ಮಿನರಲ್ ಟರ್ಪೆಂಟೈನ್‌ಗೆ ಹೋಗುತ್ತದೆ. ಬೆಂಕಿಯಿಂದ ದೂರ ಇಟ್ಟುಕೊಂಡು ಲೋಹದ ಭಾಗ ಮಾತ್ರ ತೊಳೆಯಿರಿ. ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಉಂಗುರವನ್ನು, ಅಂದರೆ ಒ-ರಿಂಗನ್ನು, ಅದರಲ್ಲಿ ಮುಳುಗಿಸಬೇಡಿ, ಉಬ್ಬುತ್ತದೆ. ಹೇಗೂ ಹೊಸದು ಹಾಕಿ. ಅಷ್ಟು ಅಗ್ಗದ ಸಾಮಾನನ್ನು ಉಳಿಸಲು ಹೋಗಿ ದುಬಾರಿ ಎಣ್ಣೆ ಸೋರಿಸಿಕೊಳ್ಳುವುದರಲ್ಲಿ ನನಗಂತೂ ಅರ್ಥ ಕಾಣಲ್ಲ.

ಬೇರಿಂಗಿಗೆ ಹಾಬಿ ಅಂಗಡಿಯನ್ನೇ ಕಾಯಬೇಕಿಲ್ಲ. ಅವು ಸಾಮಾನ್ಯ ಕೈಗಾರಿಕಾ ಅಳತೆಗಳೇ. 8x16x5 ಮಿ.ಮೀ. ಇದ್ದರೆ 688 ಝಡ್‌ಝಡ್, 5x11x4 ಇದ್ದರೆ ಎಂಆರ್115, 10x15x4 ಇದ್ದರೆ 6700 ಝಡ್‌ಝಡ್ ಅಂತ ಯಾವುದೇ ಬೇರಿಂಗ್ ಅಂಗಡಿಯಲ್ಲಿ ಕೇಳಿ. ಕ್ಯಾಲಿಪರ್‌ನಲ್ಲಿ ಒಳ, ಹೊರ, ಅಗಲ ಮೂರನ್ನೂ ಅಳೆದುಕೊಂಡು ಹೋಗಿ. ಧೂಳಿನಲ್ಲಿ ಓಡಿಸುವವರು ರಬ್ಬರ್ ಸೀಲ್ ಇರುವ 2ಆರ್‌ಎಸ್ ಸಿಕ್ಕರೆ ಅದನ್ನೇ ತಗೊಳ್ಳಿ. ಪಿನಿಯನ್ ಹಿಂದೆಯೂ ಬೇರಿಂಗ್ ಇದೆ, ಅದನ್ನು ಎಲ್ಲರೂ ಮರೆಯುತ್ತಾರೆ.

ಇನ್ನು ಶಿಮ್. ನಿಜವಾದ ರಿಪೇರಿ ಇಲ್ಲೇ ಇರೋದು, ಬೇಜಾರಿನ ಕೆಲಸವೂ ಇದೇ. 0.1 ಮತ್ತು 0.2 ಮಿ.ಮೀ. ದಪ್ಪದ ತೆಳು ಉಂಗುರಗಳು, ಡಿಫ್ ಮತ್ತು ಬೇರಿಂಗ್ ನಡುವೆ ಕೂರುತ್ತವೆ. ಕ್ರೌನ್ ಗೇರಿನ ಬೆನ್ನಿನ ಕಡೆ, ಅಂದರೆ ಹಲ್ಲು ಯಾವ ಕಡೆ ನೋಡುತ್ತಿದೆಯೋ ಅದರ ಎದುರು ಬದಿಗೆ ಹಾಕಿದರೆ ಗೇರ್ ಪಿನಿಯನ್ ಹತ್ತಿರ ಸರಿಯುತ್ತದೆ. 0.1 ಹಾಕಿ, ಕೇಸ್ ಮುಚ್ಚಿ, ಸ್ಕ್ರೂಗಳನ್ನೆಲ್ಲ ಬಿಗಿ ಮಾಡಿ ಪಿನಿಯನ್ ತಿರುಗಿಸಿ ನೋಡಿ. ಬಿಗಿ ಮಾಡದೆ ನೋಡಿದರೆ ಸುಳ್ಳು ಉತ್ತರ ಬರುತ್ತದೆ, ಯಾಕೆಂದರೆ ಪ್ಲಾಸ್ಟಿಕ್ ಕೇಸ್ ಸ್ಕ್ರೂ ಬಿಗಿಯಾದ ಮೇಲೆಯೇ ತನ್ನ ಜಾಗಕ್ಕೆ ಬರೋದು. ಎಲ್ಲಾದರೂ ಹಿಡಿದಂತಾಗುವ ತನಕ ಹೀಗೇ ಒಂದೊಂದೇ ಸೇರಿಸಿ, ಆಮೇಲೆ ಕೊನೆಯದನ್ನು ತೆಗೆಯಿರಿ. ಪಿನಿಯನ್ ಹಿಡಿದು ಅಲುಗಿಸಿದರೆ ಟಿಕ್ ಅನ್ನುವಷ್ಟು ಸಣ್ಣ ಆಟ ಇರಬೇಕು, ಪೂರ್ತಿ ಸುತ್ತಿನಲ್ಲಿ ಎಲ್ಲೂ ಬಿಗಿ ಇರಬಾರದು. ನಾಲ್ಕೈದು ಸಲ ಬಿಚ್ಚಿ ಮುಚ್ಚಬೇಕಾಗುತ್ತದೆ. ತಾಳ್ಮೆ ಕೆಟ್ಟರೆ ಎದ್ದು ಕಾಫಿ ಕುಡಿದು ಬನ್ನಿ. ಸಿಟ್ಟಲ್ಲಿ ಸ್ಕ್ರೂ ತಿರುಗಿಸಿ ಕೇಸಿನ ಥ್ರೆಡ್ ಕಿತ್ತುಹಾಕಿದ್ದು ನಾನೂ ಒಮ್ಮೆ.

ಎಣ್ಣೆ ವಿಷಯಕ್ಕೆ ಜಗಳ ಜಾಸ್ತಿ. ಡಿಫ್ ಎಣ್ಣೆಯ ದಪ್ಪವನ್ನು ಸೆಂಟಿಸ್ಟೋಕ್ಸ್‌ನಲ್ಲಿ ಹೇಳುತ್ತಾರೆ. ನೀರು ಸುಮಾರು 1, ನಮ್ಮ ಎಣ್ಣೆ 3,000ದಿಂದ ಲಕ್ಷಗಳವರೆಗೆ. ರೇಸಿನ 1/8 ಬಗ್ಗಿಗಳಲ್ಲಿ ಮುಂದಿನ ಡಿಫ್‌ಗೆ 5,000, ನಡುವಿನದಕ್ಕೆ 5,000, ಹಿಂದಿನದಕ್ಕೆ 3,000 ಹಳೆಯ ನಂಬಿಕಸ್ಥ ಲೆಕ್ಕ. ಟ್ರಕ್ ಭಾರ, ಚಕ್ರ ದೊಡ್ಡದು, ಹಾಗಾಗಿ ಇನ್ನೂ ದಪ್ಪ ಬೇಕು. ನಡುವೆ ಡಿಫ್ ಇಲ್ಲದ ಶಾರ್ಟ್ ಕೋರ್ಸ್ ಟ್ರಕ್ಕಿಗೆ ನಾನು ಮುಂದೆ 10,000, ಹಿಂದೆ 7,000 ಹಾಕಿ ಶುರು ಮಾಡುತ್ತೇನೆ. ಹಿಂದೆ ತೀರಾ ದಪ್ಪ ಹಾಕಿದರೆ ತಿರುವಿನಲ್ಲಿ ಬಾಲ ಜಾರುತ್ತದೆ. ನಡು ಡಿಫ್ ಇರುವ ಮಾನ್ಸ್ಟರ್ ಟ್ರಕ್ಕಿನಲ್ಲಿ ತೆಳು ಎಣ್ಣೆ ಇದ್ದರೆ ಥ್ರಾಟಲ್ ಕೊಟ್ಟಾಗ ಮುಂದಿನ ಚಕ್ರ ಗಾಳಿಯಲ್ಲಿ ಉಬ್ಬಿ ಸುತ್ತುತ್ತದೆ, ಹಿಂದಿನವು ಸುಮ್ಮನಿರುತ್ತವೆ. ಅಲ್ಲಿ 30,000ಕ್ಕಿಂತ ಮೇಲೆ ಹೋಗಲು ಹೆದರಬೇಡಿ.

ಕಪ್ಪನ್ನು ಕಂಠಮಟ್ಟ ತುಂಬಬೇಡಿ. ಸ್ಪೈಡರ್ ಗೇರ್ ಕೂರುವ ಅಡ್ಡ ಪಿನ್ ಮುಳುಗಿದರೆ ಸಾಕು. ಬಿಸಿಯಾದಾಗ ಎಣ್ಣೆ ಹಿಗ್ಗುತ್ತದೆ, ಜಾಗ ಇಲ್ಲದಿದ್ದರೆ ಒ-ರಿಂಗ್ ದಾಟಿ ಹೊರಬರುತ್ತದೆ. ತುಂಬಿ, ಗೇರ್ ನಿಧಾನ ತಿರುಗಿಸಿ, ಗುಳ್ಳೆ ಹೋಗಲು ಒಂದಷ್ಟು ಹೊತ್ತು ಬಿಡಿ. ಒಳಗೆ ಎಣ್ಣೆ, ಹೊರಗಿನ ಹಲ್ಲಿಗೆ ಗ್ರೀಸ್, ಇದನ್ನು ಅದಲುಬದಲು ಮಾಡಬೇಡಿ. ಮುಚ್ಚುವಾಗ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಪ್ಲಾಸ್ಟಿಕ್ ಕಪ್ಪಿಗೆ ಥ್ರೆಡ್‌ಲಾಕ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಬೇಡ, ಲೋಹಕ್ಕೆ ಲೋಹ ಇದ್ದರೆ ನೀಲಿಯದು ಒಂದು ಹನಿ.

ಇಷ್ಟೆಲ್ಲ ಮಾಡಿದ ಮೇಲೂ ಡಿಫ್ ಒಡೆಯುವ ಒಂದು ದಾರಿ ಉಳಿದಿದೆ, ಅದು ನಿಮ್ಮ ಬೆರಳು. ಜಂಪ್‌ನಿಂದ ಇಳಿಯುವಾಗ ಥ್ರಾಟಲ್ ಒತ್ತಿಕೊಂಡೇ ಇದ್ದರೆ, ಗಾಳಿಯಲ್ಲಿ ಸುತ್ತುತ್ತಿರುವ ಚಕ್ರ ನೆಲ ಮುಟ್ಟಿದ ಕ್ಷಣ ನಿಲ್ಲುತ್ತದೆ, ಮೋಟರ್ ನಿಲ್ಲಲ್ಲ, ನಡುವೆ ಸಿಕ್ಕ ಪಿನಿಯನ್ ಪೂರ್ತಿ ಹೊಡೆತ ತಿನ್ನುತ್ತದೆ. ನೆಲ ಮುಟ್ಟುವ ಮುಂಚೆ ಬಿಡಿ. ಒಂದು ಚಕ್ರ ಕಲ್ಲಿಗೆ ಸಿಕ್ಕಿ ಇನ್ನೊಂದು ಗಾಳಿಯಲ್ಲಿದ್ದಾಗ ಫುಲ್ ಥ್ರಾಟಲ್ ಕೊಡುವುದೂ ಅಷ್ಟೇ ಕೆಟ್ಟದ್ದು. ಗಾಳಿಯ ಚಕ್ರ ಎರಡು ಪಟ್ಟು ವೇಗದಲ್ಲಿ ಸುತ್ತುತ್ತದೆ, ಸ್ಪೈಡರ್ ಗೇರ್ ಬಿಸಿಯಾಗುತ್ತದೆ. ನಡೆದುಹೋಗಿ ಕೈಯಲ್ಲಿ ಎತ್ತಿ, ಏನೂ ಅವಮಾನ ಇಲ್ಲ.

ಆ ಹುಡುಗನ ಟ್ರಕ್ಕಿಗೆ ನಾಲ್ಕು ಬೇರಿಂಗ್, ಎರಡು 0.1 ಶಿಮ್, ಹೊಸ ಒ-ರಿಂಗ್ ಹಾಕಿದೆ. ಮೊದಲ ಪ್ಯಾಕ್ (ಒಂದು ಚಾರ್ಜ್ ಬ್ಯಾಟರಿ) ಅರ್ಧ ಥ್ರಾಟಲ್‌ನಲ್ಲಿ ಓಡಿಸು, ಆಮೇಲೆ ಕೇಸ್ ಸ್ಕ್ರೂ ಮತ್ತೊಮ್ಮೆ ಬಿಗಿ ಮಾಡು, ಇಪ್ಪತ್ತು ಪ್ಯಾಕಿಗೊಮ್ಮೆ ಔಟ್‌ಡ್ರೈವ್ ಅಲ್ಲಾಡಿಸಿ ನೋಡು ಅಂತ ಹೇಳಿ ಕಳಿಸಿದೆ. ಮೊನ್ನೆ ಮತ್ತೆ ಬಂದಿದ್ದ. ಡಿಫ್ ಗಟ್ಟಿಯಾಗಿತ್ತು. ಈ ಸಲ ಸ್ಟೀರಿಂಗ್ ಸರ್ವೋ ಸುಟ್ಟಿತ್ತು.