ಟೆಲ್ಲರ್ ಹೇಳುವುದೇನನ್ನು?

ಬ್ಯಾಂಕಿನ ಕೌಂಟರಿನಲ್ಲಿ ನೋಟು ಎಣಿಸಿ ಕೊಡುವವರನ್ನು ಇಂಗ್ಲಿಷಿನಲ್ಲಿ ಟೆಲ್ಲರ್ ಎನ್ನುತ್ತಾರೆ. ಅವರು ಹೇಳುವುದು ಕಡಿಮೆ, ಎಣಿಸುವುದೇ ಹೆಚ್ಚು. ಆದರೂ ಹೆಸರು ತಪ್ಪಲ್ಲ. ಸಾವಿರ ವರ್ಷಗಳ ಹಿಂದೆ ಆಂಗ್ಲೋ-ಸ್ಯಾಕ್ಸನ್ನರು ಆಡುತ್ತಿದ್ದ ಹಳೆಯ ಇಂಗ್ಲಿಷಿನಲ್ಲಿ 'ಟೆಲ್ಲನ್' ಎಂದರೆ ಎಣಿಸು, ಲೆಕ್ಕ ಹಾಕು, ಜೊತೆಗೆ ವಿವರಿಸಿ ಹೇಳು. ಅದರ ನೆಂಟ 'ಟಾಲು' ಕಥೆಯಾದರೆ, ಇನ್ನೊಬ್ಬ ನೆಂಟ 'ಯೆಟ್ಯಾಲ್' ಸಂಖ್ಯೆ. ಜರ್ಮನ್ನರು ಇಂದಿಗೂ ಎಣಿಸುವುದಕ್ಕೆ 'ತ್ಸೇಲೆನ್', ಕಥೆ ಹೇಳುವುದಕ್ಕೆ 'ಎರ್‌ತ್ಸೇಲೆನ್' ಎನ್ನುತ್ತಾರೆ.

ಒಂದಾದ ಮೇಲೊಂದರಂತೆ, ನಡುವೆ ಯಾವುದನ್ನೂ ಬಿಡದೆ ಒಪ್ಪಿಸುವುದೇ ಎರಡೂ ಕೆಲಸಗಳ ತಿರುಳು ಎಂದು ನನಗನ್ನಿಸುತ್ತದೆ. ಕುರಿ ಎಣಿಸುವವನಿಗೂ ರಾಜನ ವಂಶಾವಳಿ ಒಪ್ಪಿಸುವವನಿಗೂ ಕ್ರಮ ತಪ್ಪುವಂತಿಲ್ಲ. 1611ರ ಇಂಗ್ಲಿಷ್ ಬೈಬಲಿನಲ್ಲಿ ದೇವರು ಅಬ್ರಾಮನಿಗೆ ನಕ್ಷತ್ರಗಳನ್ನು 'ಟೆಲ್' ಮಾಡು ಎನ್ನುತ್ತಾನೆ. ಅವುಗಳ ಕಥೆ ಹೇಳೆಂದಲ್ಲ, ಎಣಿಸೆಂದು.

ಸಂಖ್ಯೆಗೆ ಆಂಗ್ಲೋ-ಸ್ಯಾಕ್ಸನ್ನರಲ್ಲಿ 'ರೀಮ್' ಎಂಬ ಇನ್ನೊಂದು ಪದವೂ ಇತ್ತು. 'ರೀಮ್‌ಕ್ರ್ಯಾಫ್ಟ್' ಎಂದರೆ ಗಣಿತ, ಅದರಲ್ಲೂ ಈಸ್ಟರ್ ಹಬ್ಬದ ದಿನ ಗೊತ್ತುಮಾಡುವ ಪಂಚಾಂಗ ಗಣಿತ. ವಸಂತ ವಿಷುವ (ಮಾರ್ಚಿನಲ್ಲಿ ಹಗಲು-ರಾತ್ರಿ ಸಮನಾಗುವ ದಿನ), ಹುಣ್ಣಿಮೆ, ಭಾನುವಾರ ಮೂರನ್ನೂ ಹೊಂದಿಸಬೇಕಾದ ಈ ಲೆಕ್ಕ ಸನ್ಯಾಸಿಗಳ ತಲೆ ತಿನ್ನುತ್ತಿತ್ತು. ಇಂಗ್ಲೆಂಡಿನ ಜ್ಯಾರೋ ಮಠದ ಬೀಡ್ ಎಂಬ ಸನ್ಯಾಸಿ 725ರಲ್ಲಿ ಇದೇ ವಿಷಯದ ಮೇಲೆ ಲ್ಯಾಟಿನ್ನಿನಲ್ಲಿ ಗ್ರಂಥ ಬರೆದ. ಮೊದಲ ಅಧ್ಯಾಯವೇ ಬೆರಳೆಣಿಕೆ. ಎಡಗೈಯಲ್ಲಿ 99ರವರೆಗೆ, ಬಲಗೈ ಸೇರಿದರೆ 9,999ರವರೆಗೆ. ಅಷ್ಟಕ್ಕೇ ನಿಲ್ಲದೆ, ಬೆರಳುಗಳಿಂದ ಮಾತನ್ನೂ ಆಡಿಸುತ್ತಾನೆ: ಲ್ಯಾಟಿನ್ ಅಕ್ಷರಮಾಲೆಯಲ್ಲಿ ಪ್ರತಿ ಅಕ್ಷರದ ಸ್ಥಾನವೇ ಅದರ ಅಂಕಿ. ಗೆಳೆಯನೊಬ್ಬ ವಂಚಕರ ನಡುವೆ ಸಿಕ್ಕಿಕೊಂಡಿದ್ದಾನೆ ಎನ್ನಿ. ಬೆರಳು ಮಡಚಿ 3, 1, 20, 19, 5, ಆಮೇಲೆ 1, 7, 5 ತೋರಿಸಿದರೆ ಲ್ಯಾಟಿನ್ನಿನಲ್ಲಿ 'ಹುಷಾರಾಗಿರು' ಎಂದು ಹೇಳಿದಂತೆ. ಮಠದ ಶಿಸ್ತಿನ ಪಾಠದಲ್ಲಿ ಇಂಥ ತುಂಟತನಕ್ಕೂ ಜಾಗವಿತ್ತು!

1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಆಡಳಿತದ ಲೆಕ್ಕಪತ್ರಗಳ ಜೊತೆಗೆ ಫ್ರೆಂಚ್ ಮೂಲದ 'ಕೌಂಟ್' ಕೂಡ ಕ್ರಮೇಣ ಇಂಗ್ಲಿಷಿಗೆ ಬಂದು, ಎಣಿಸುವ ಕೆಲಸವನ್ನು 'ಟೆಲ್'ನ ಕೈಯಿಂದ ಕಸಿದುಕೊಂಡಿತು. ತಮಾಷೆಯೆಂದರೆ ಆ ಹೊಸಬನದೂ ಅದೇ ಜಾತಕ. ಫ್ರೆಂಚರಲ್ಲಿ ಎಣಿಸುವುದಕ್ಕೂ ಕಥೆ ಹೇಳುವುದಕ್ಕೂ ಇರುವ ಎರಡು ಪದಗಳ ಕಾಗುಣಿತ ಬೇರೆ, ಉಚ್ಚಾರಣೆ ಒಂದೇ, ಮೂಲವೂ ಒಂದೇ: ಲ್ಯಾಟಿನ್ನಿನ 'ಕಂಪ್ಯುಟಾರೆ'. ಕಂಪ್ಯೂಟರ್ ಹುಟ್ಟಿದ್ದೂ ಅದೇ ಮನೆಯಲ್ಲಿ.

ಅಂಗಡಿಯವರ ಬಾಯಲ್ಲಿರುವ 'ಟ್ಯಾಲಿ' ಮಾತ್ರ, ದನಿ ಹೋಲುತ್ತಿದ್ದರೂ, ಈ ಬಳಗಕ್ಕೆ ಸೇರಿದ್ದಲ್ಲ. ಅದು ಕೋಲು ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಕೋಲಿನ ಮೇಲೆ ಲೆಕ್ಕದ ಗೀರು ಹಾಕಿ, ಉದ್ದಕ್ಕೆ ಸೀಳಿ, ಹಣ ಕೊಟ್ಟವನೂ ಪಡೆದವನೂ ಒಂದೊಂದು ಸೀಳನ್ನು ಇಟ್ಟುಕೊಳ್ಳುತ್ತಿದ್ದರು. ಇಂಗ್ಲೆಂಡಿನ ಖಜಾನೆಯಲ್ಲಿ ಉಳಿದಿದ್ದ ಇಂಥ ಹಳೆಯ ಕೋಲುಗಳನ್ನು 1834ರಲ್ಲಿ ಸಂಸತ್ ಭವನದ ಒಲೆಗಳಿಗೆ ಹಾಕಿದರು. ಬೆಂಕಿ ಹತೋಟಿ ಮೀರಿ ಭವನದ ಬಹುಭಾಗ ಸುಟ್ಟುಹೋಯಿತು.