ಸಕ್ಕರೆ ಕಾಯಿಲೆ ಇದ್ದವರ ಹೊಟ್ಟೆ ಉಬ್ಬರಕ್ಕೆ ಯಾವ ಆಸನ, ಯಾವ ಹೊತ್ತಿಗೆ?

ಪ್ರಶ್ನೆ: ಅಮ್ಮನಿಗೆ ತುಂಬಾ ವರ್ಷಗಳಿಂದ ಟೈಪ್ 2 ಸಕ್ಕರೆ ಕಾಯಿಲೆ. ಉಂಡದ್ದು ಕರಗುವುದೇ ಇಲ್ಲ ಅನ್ನುತ್ತಾರೆ. ಹೊಟ್ಟೆ ಉಬ್ಬರ, ಮಲಬದ್ಧತೆ ಬೇರೆ. ವಜ್ರಾಸನ, ಪವನಮುಕ್ತಾಸನ, ಮಂಡೂಕಾಸನ ಮಾಡಿಸಬಹುದೇ?

ಉತ್ತರ: ವಜ್ರಾಸನ, ಪವನಮುಕ್ತಾಸನ ಮಾಡಿಸಬಹುದು, ಆದರೆ ಎರಡಕ್ಕೂ ಹೊತ್ತು ಬೇರೆ; ಮಂಡೂಕಾಸನ ಬಿಟ್ಟರೂ ನಷ್ಟವಿಲ್ಲ. ಅದಕ್ಕೂ ಮೊದಲು ಅವರ ಮಾತ್ರೆಗಳನ್ನು ನೋಡಿ. ಮೆಟ್‌ಫಾರ್ಮಿನ್ ಹಲವರಿಗೆ ಉಬ್ಬರ, ಭೇದಿ ತರುತ್ತದೆ. ಊಟದ ಜೊತೆ ನುಂಗಿದರೆ, ಇಲ್ಲವೇ ವೈದ್ಯರು ನಿಧಾನವಾಗಿ ಕರಗುವ ಬಗೆಗೆ ಬದಲಿಸಿದರೆ, ಎಷ್ಟೋ ವಾಸಿಯಾಗುತ್ತದೆ. ಸೆಮಾಗ್ಲುಟೈಡ್‌ನಂಥ ಚುಚ್ಚುಮದ್ದಂತೂ ಜಠರ ಖಾಲಿಯಾಗುವುದನ್ನೇ ತಡಮಾಡುತ್ತದೆ. ಮದ್ದಿನಿಂದ ಬಂದ ಉಬ್ಬರಕ್ಕೆ ಆಸನ ಹುಡುಕಿ ಫಲವಿಲ್ಲ.

ಕಾರಣ ಮದ್ದಲ್ಲದಿದ್ದರೆ ನರದ ಮೇಲೆ ಅನುಮಾನ ಪಡಬೇಕು. ವರ್ಷಗಟ್ಟಲೆ ಶುಗರ್ ಏರಿದ್ದರೆ ಪಾದ ಮರಗಟ್ಟುವಂತೆಯೇ ಜಠರವನ್ನು ಆಡಿಸುವ ವೇಗಸ್ ನರವೂ ಸೊರಗುತ್ತದೆ. ನಾಲ್ಕು ತಾಸಿನೊಳಗೆ ಬಹುಪಾಲು ಜಠರ ದಾಟಬೇಕಾದ ಊಟ ಅಲ್ಲೇ ಕೂತಿರುತ್ತದೆ. ಇದೇ ಗ್ಯಾಸ್ಟ್ರೋಪರೇಸಿಸ್. ನಾಲ್ಕು ತುತ್ತಿಗೇ ಹೊಟ್ಟೆ ತುಂಬುವುದು, ಮಧ್ಯಾಹ್ನದ ಅನ್ನ ರಾತ್ರಿ ವಾಂತಿಯಲ್ಲಿ ಬರುವುದು ಇದರ ಗುರುತು. ಕಂಡರೆ ವೈದ್ಯರ ಬಳಿ ಹೋಗಲೇಬೇಕು. ಸೊರಗಿದ ನರವನ್ನು ಯಾವ ಆಸನವೂ ಸರಿಮಾಡದು. ಊಟವನ್ನು ದಿನಕ್ಕೆ ಐದಾರು ಸಣ್ಣ ಪಾಲು ಮಾಡಿ, ಮೆತ್ತಗೆ ಬೇಯಿಸಿ. ನಾರು ಹೆಚ್ಚು ತಿನ್ನಿ ಎಂಬ ಮಾಮೂಲಿ ಸಲಹೆ ಇಂಥವರಿಗೆ ತಿರುಗುಬಾಣ, ಕೋಸಂಬರಿಯೂ ಹೊಟ್ಟೆಯಲ್ಲಿ ಕಲ್ಲಾಗುತ್ತದೆ.

ಆಸನ ಕೈಹಿಡಿಯುವುದು ಗ್ಯಾಸ್ ಮತ್ತು ಮಲಬದ್ಧತೆಗೆ. ಪವನಮುಕ್ತಾಸನ ಬೆಳಗ್ಗೆ, ಖಾಲಿ ಹೊಟ್ಟೆಯಲ್ಲಿ. ಅಂಗಾತ ಮಲಗಿ ಬಲ ಮಂಡಿ ಮಡಚಿ, ಉಸಿರು ಬಿಡುತ್ತಾ ತೊಡೆಯನ್ನು ಹೊಟ್ಟೆಗೆ ಒತ್ತಬೇಕು. ಮಂಡಿ ನೋವಿದ್ದರೆ ಚಿಪ್ಪಿನ ಮೇಲೆ ಕೈ ಬೇಡ, ತೊಡೆಯ ಹಿಂದೆ ಹಿಡಿಯಲಿ. ಐದಾರು ಉಸಿರು ಹಾಗೇ ಇದ್ದು ಎಡಗಾಲು, ಆಮೇಲೆ ಎರಡೂ. ದೊಡ್ಡ ಕರುಳು ಬಲಗಡೆ ಮೇಲೇರಿ ಎಡಗಡೆ ಇಳಿಯುತ್ತದೆ, ಹಾಗಾಗಿ ಬಲ ಮೊದಲು ಎನ್ನುವ ರೂಢಿ. ತಲೆ ಎತ್ತಿ ಮಂಡಿಗೆ ಮೂಗು ಮುಟ್ಟಿಸುವುದು ಬೇಕಿಲ್ಲ; ಅದರಿಂದ ಕುತ್ತಿಗೆ ನೋವು ಬರುತ್ತದೆ ಅಷ್ಟೆ. ಹರ್ನಿಯಾ ಇದ್ದರೆ, ಇತ್ತೀಚೆಗೆ ಹೊಟ್ಟೆಯ ಆಪರೇಷನ್ ಆಗಿದ್ದರೆ ಬೇಡವೇ ಬೇಡ.

ಮುಷ್ಟಿ ಹೊಕ್ಕುಳ ಪಕ್ಕ ಇಟ್ಟು ಬಾಗುವ ಮಂಡೂಕಾಸನದಿಂದ ಮೇದೋಜ್ಜೀರಕ ಗ್ರಂಥಿ ಹಿಂಡಿ ಇನ್ಸುಲಿನ್ ಬರುತ್ತದೆ ಎಂಬ ಮಾತು ನಂಬಬೇಡಿ. ಆ ಗ್ರಂಥಿ ಜಠರದ ಹಿಂದೆ, ಬೆನ್ನೆಲುಬಿಗೆ ಆತುಕೊಂಡಿದೆ. ಮುಷ್ಟಿ ಒತ್ತಿ ಇನ್ಸುಲಿನ್ ಹಿಂಡಲಾಗದು. ಎದೆಯುರಿ ಇದ್ದರೆ ಇದು ಹುಳಿಯನ್ನು ಗಂಟಲಿಗೇ ತರುತ್ತದೆ. ಬಿಟ್ಟರೆ ನಷ್ಟವಿಲ್ಲ.

ಊಟವಾದ ಕೂಡಲೇ ಮಾಡಲು ಒಪ್ಪಿಗೆ ಇರುವುದು ವಜ್ರಾಸನಕ್ಕೆ. ಆದರೆ ಕಾಲು ಜೋಮು ಹಿಡಿಯುವವರೆಗೆ ಕೂರಿಸಬೇಡಿ. ಮಂಡಿಯ ಹೊರಬದಿಯಲ್ಲಿ ಹಾದುಹೋಗುವ ನರ ಹೆಚ್ಚು ಹೊತ್ತು ಒತ್ತಿದರೆ ಪಾದ ಮೇಲೆತ್ತಲಾಗದೆ ಜೋಲುಬೀಳುತ್ತದೆ; ಸಕ್ಕರೆ ಕಾಯಿಲೆಯ ನರ ಇನ್ನೂ ಬೇಗ ಸೋಲುತ್ತದೆ. ಪೃಷ್ಠದ ಕೆಳಗೆ ದಿಂಬು, ಕಣಕಾಲಿನ ಕೆಳಗೆ ಮಡಚಿದ ಟವೆಲ್, ಎರಡು ಮೂರು ನಿಮಿಷದಿಂದ ಶುರು, ಐದಕ್ಕೆ ನಿಲ್ಲಿಸಿ. ಪಾದದಲ್ಲಿ ಸ್ಪರ್ಶವೇ ತಿಳಿಯದವರಿಗೆ ಇದೂ ಬೇಡ. ಹತ್ತು ಹದಿನೈದು ನಿಮಿಷ ಮನೆಯೊಳಗೇ ನಡೆದರೆ ಊಟದ ನಂತರದ ಶುಗರಿಗೂ ಒಳ್ಳೆಯದು.

ಕಣ್ಣಿನ ರೆಟಿನಾದಲ್ಲಿ ಹೊಸ ರಕ್ತನಾಳ ಬೆಳೆದಿದೆ ಎಂದು ವೈದ್ಯರು ಹೇಳಿದ್ದರೆ ತಲೆ ಕೆಳಗಾಗುವ ಆಸನಗಳು, ಉಸಿರು ಬಿಗಿಹಿಡಿಯುವುದು, ಕಪಾಲಭಾತಿ ಯಾವುದೂ ಕೂಡದು.

ಇನ್ಸುಲಿನ್ ಅಥವಾ ಶುಗರನ್ನು ತೀರಾ ಇಳಿಸಬಲ್ಲ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುವವರು ಬೆಳಗಿನ ಅಭ್ಯಾಸಕ್ಕೆ ಮೊದಲು ಶುಗರ್ ನೋಡಿಕೊಳ್ಳಲಿ. 70ಕ್ಕಿಂತ ಇಳಿದಿದ್ದರೆ ಮೂರು ಟೀ ಚಮಚ ಸಕ್ಕರೆ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಅವತ್ತು ಆಸನ ಬೇಡ. ಜಠರ ನಿಧಾನವಿರುವವರಿಗೆ ಬಿಸ್ಕತ್ತು ಕೊಟ್ಟು ಕಾಯುವುದು ಅಪಾಯ, ಅದು ಜಠರದಲ್ಲೇ ಉಳಿಯುತ್ತದೆ. ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ: ನೀರಾದದ್ದು ಗಟ್ಟಿಗಿಂತ ಬೇಗ ಕೆಳಗಿಳಿಯುತ್ತದೆ.