ಗೋಳಗುಮ್ಮಟದ ಪಿಸುಮಾತು ಮತ್ತು ಅನುಕಲ ಸಮೀಕರಣ

ವಿಜಯಪುರದ ಗೋಳಗುಮ್ಮಟದ ಗ್ಯಾಲರಿಯಲ್ಲಿ ಒಬ್ಬರು ಗೋಡೆಗೆ ಮುಖವಿಟ್ಟು ಪಿಸುಗುಟ್ಟಿದರೆ, ಸುಮಾರು 38 ಮೀಟರ್ ಆಚೆ ಗೋಡೆಗೆ ಕಿವಿಗೊಟ್ಟವರಿಗೆ ಆ ಮಾತು ಕೇಳುತ್ತದೆ. ಇದನ್ನು ಲೆಕ್ಕಕ್ಕೆ ಇಳಿಸುವುದು ಸುಲಭವಲ್ಲ. ಗೋಡೆಯ ಒಂದು ಬಿಂದುವಿನಲ್ಲಿ ಶಬ್ದದ ಒತ್ತಡ ಎಷ್ಟೆಂಬುದು, ಮಾತನಾಡಿದವರ ಧ್ವನಿಯನ್ನಷ್ಟೇ ಅಲ್ಲದೆ, ಉಳಿದೆಲ್ಲ ಬಿಂದುಗಳಿಂದ ಮರಳಿ ಬರುವ ಶಬ್ದವನ್ನೂ ಅವಲಂಬಿಸಿದೆ; ಆ ಬಿಂದುಗಳ ಒತ್ತಡವೂ ನಮಗೆ ತಿಳಿದಿಲ್ಲ. ಹೀಗೆ ಹುಡುಕಬೇಕಾದ ಫಂಕ್ಷನ್ನೇ ಅನುಕಲದ (ಇಂಟಿಗ್ರಲ್, ಅಂದರೆ ಎಲ್ಲ ಬಿಂದುಗಳ ಕೊಡುಗೆಯನ್ನು ಎಡೆಬಿಡದೆ ಕೂಡಿಸಿದ ಮೊತ್ತ) ಒಳಗೆ ಕುಳಿತಿರುವ ಸಮೀಕರಣವೇ ಅನುಕಲ ಸಮೀಕರಣ.

ನಾರ್ವೆಯ ಗಣಿತಜ್ಞ ಆಬೆಲ್ 1823ರಲ್ಲಿಯೇ, ಮಣಿಯೊಂದು ಜಾರಿ ಇಳಿಯಲು ಹಿಡಿಯುವ ಸಮಯದಿಂದ ಅದರ ದಾರಿಯ ಆಕಾರವನ್ನು ಕಂಡುಹಿಡಿಯಲು ಇಂಥದೊಂದು ಸಮೀಕರಣವನ್ನು ಬಿಡಿಸಿದ್ದರು. ಇಟಲಿಯ ವೋಲ್ಟೆರಾ 1896ರಲ್ಲಿ ಆ ಎಳೆಯನ್ನು ಮುಂದುವರಿಸಿದರು. ನಿಜವಾದ ತಿರುವು ಬಂದದ್ದು ಸ್ವೀಡನ್ನಿನ ಫ್ರೆಡ್‌ಹೋಲ್ಮ್ ಅವರ 1903ರ ಪ್ರಬಂಧದಿಂದ. ಅವರು ಅನುಕಲವನ್ನು ಕೆಲವು ಬಿಂದುಗಳ ಮೊತ್ತವಾಗಿ ಒಡೆದು, ಬಿಂದುಗಳ ಸಂಖ್ಯೆಯನ್ನು ಅನಂತಕ್ಕೆ ಒಯ್ದು ಸಿದ್ಧಾಂತ ಕಟ್ಟಿದರು. 1930ರಲ್ಲಿ ಫಿನ್‌ಲೆಂಡಿನ ನಿಸ್ಟ್ರೋಮ್ ಆ ಅನಂತದವರೆಗೆ ಹೋಗದೆ ನಡುವೆಯೇ ನಿಂತು, ಅಷ್ಟೇ ಬಿಂದುಗಳ ಸಾಮಾನ್ಯ ಸಮೀಕರಣಗಳನ್ನು ಬಿಡಿಸಿದರೆ ಸಾಕೆಂದು ತೋರಿಸಿದರು. ಇಂದಿನ ಸಾಫ್ಟ್‌ವೇರ್‌ಗಳಲ್ಲಿ ಈ ವಿಧಾನ ಈಗಲೂ ಬಳಕೆಯಲ್ಲಿದೆ.

ಒಂದು ಸಣ್ಣ ಉದಾಹರಣೆ ನೋಡೋಣ: f(s) = 1 + ∫ s·t·f(t) dt, ಅನುಕಲದ ಮಿತಿ 0ರಿಂದ 1. ಇದರ ನಿಖರ ಉತ್ತರ f(s) = 1 + 0.75s. ಮೂರೇ ಬಿಂದುಗಳನ್ನಿಟ್ಟು ಟ್ರಪಿಜಾಯ್ಡಲ್ ನಿಯಮ (ಬಿಂದುಗಳ ನಡುವೆ ನೇರ ಗೆರೆ ಎಳೆದು ಅನುಕಲವನ್ನು ಅಂದಾಜಿಸುವುದು) ಬಳಸಿದರೆ 0.75ರ ಜಾಗದಲ್ಲಿ 0.8 ಬರುತ್ತದೆ, ಹನ್ನೊಂದು ಬಿಂದುಗಳಿಗೆ 0.7519. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಪರೀಕ್ಷೆಗೆಂದು ಕಲಿಯುವ ಸಿಂಪ್ಸನ್ನನ 1/3 ನಿಯಮವಾದರೆ (ಇದರಲ್ಲಿ ನೇರ ಗೆರೆಯ ಬದಲು ಪರವಲಯ), ಅದೇ ಮೂರು ಬಿಂದುಗಳಲ್ಲಿ ಸರಿಯಾಗಿ 0.75 ಕೊಡುತ್ತದೆ, ಏಕೆಂದರೆ ಇಲ್ಲಿ ಅನುಕಲದೊಳಗಿರುವುದು ವರ್ಗದ ಪದವನ್ನು ದಾಟದ ಬಹುಪದಿ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಮೀಕರಣ ಬಿಡಿಸುವುದು ಒಂದು ಸಾಲಿನ ಕೆಲಸ. ನಿಯಮವನ್ನು ಆರಿಸುವ ವಿವೇಕ ಮಾತ್ರ ನಮ್ಮದೇ ಆಗಿರಬೇಕು ಎಂಬುದನ್ನು ತರಗತಿಯಲ್ಲಿ ಇನ್ನಷ್ಟು ಒತ್ತಿ ಹೇಳಬೇಕೆಂದು ನನಗೆ ಬಲವಾಗಿ ಅನಿಸುತ್ತದೆ.

ಗುಮ್ಮಟಕ್ಕೆ ಮರಳಿದರೆ ಲೆಕ್ಕದ ಗಾತ್ರ ತಿಳಿಯುತ್ತದೆ. 1000 ಹರ್ಟ್ಸ್ ಶಬ್ದದ ಅಲೆಯ ಉದ್ದ ಸುಮಾರು 34 ಸೆಂಟಿಮೀಟರ್. ಒಂದು ಅಲೆಗೆ ಆರು ಬಿಂದುಗಳಂತೆ ಇಟ್ಟರೆ, ಒಳಮೈಯನ್ನು ಅರೆಗೋಳವೆಂದು ಭಾವಿಸಿದಾಗಲೂ ಸುಮಾರು 7 ಲಕ್ಷ ಬಿಂದುಗಳು ಬೇಕು. ಪ್ರತಿ ಬಿಂದುವೂ ಉಳಿದೆಲ್ಲದರೊಂದಿಗೆ ಬೆಸೆದಿರುವುದರಿಂದ ಮಾತೃಕೆಯಲ್ಲಿ (ಸಮೀಕರಣಗಳ ಸಂಖ್ಯೆಗಳನ್ನು ಜೋಡಿಸಿಟ್ಟ ಚೌಕ ಪಟ್ಟಿಯಲ್ಲಿ) 49 ಸಾವಿರ ಕೋಟಿ ಸಂಖ್ಯೆಗಳಾಗುತ್ತವೆ. ಅವನ್ನು ಇಡಲಿಕ್ಕೇ ಏಳು ಟೆರಾಬೈಟಿಗೂ ಹೆಚ್ಚು ಸ್ಮೃತಿ ಬೇಕು. 1987ರಲ್ಲಿ ಗ್ರೀನ್‌ಗಾರ್ಡ್ ಮತ್ತು ರೋಖ್ಲಿನ್ ಪ್ರಕಟಿಸಿದ ವೇಗದ ವಿಧಾನ ಇಂಥ ಹೊರೆಯನ್ನು ಇಳಿಸುವ ದಾರಿ ತೆರೆಯಿತು: ದೂರದ ಬಿಂದುಗಳನ್ನು ಒಂದೊಂದಾಗಿ ಎಣಿಸದೆ, ಗುಂಪಾಗಿ ಕಟ್ಟಿ ಅವುಗಳ ಒಟ್ಟು ಪ್ರಭಾವವನ್ನು ಒಮ್ಮೆಗೇ ತೆಗೆದುಕೊಳ್ಳುವುದು ಅದರ ತಿರುಳು. ಅಲೆಗಳ ಸಮೀಕರಣಕ್ಕೂ ಈ ವಿಚಾರವನ್ನು ಆಮೇಲೆ ಹೊಂದಿಸಿಕೊಳ್ಳಲಾಯಿತು.

ಲೆಕ್ಕವನ್ನು ತಿರುಗಿಸಿದರೆ, ಅಂದರೆ ಕೇಳಿದ ಶಬ್ದದಿಂದ ಮೂಲ ಧ್ವನಿಯನ್ನು ಹುಡುಕಹೊರಟರೆ, ಹುಡುಕುವ ಫಂಕ್ಷನ್ ಅನುಕಲದ ಒಳಗೆ ಮಾತ್ರ ಉಳಿಯುತ್ತದೆ. ಇದನ್ನು ಮೊದಲನೆಯ ಬಗೆಯ ಸಮೀಕರಣ ಎನ್ನುತ್ತಾರೆ. ಇಲ್ಲಿ ಮೈಕಿನ ಅಳತೆಯ ಕಿಂಚಿತ್ ದೋಷವೂ ಉತ್ತರದಲ್ಲಿ ಬಹುಪಟ್ಟು ಹಿಗ್ಗಿಬಿಡಬಹುದು, ಬಿಂದುಗಳನ್ನು ಹೆಚ್ಚಿಸಿದಷ್ಟೂ ಅದು ಕೆಡಬಹುದು. 1962ರಲ್ಲಿ ಫಿಲಿಪ್ಸ್, 1963ರಲ್ಲಿ ಟಿಖೊನೊವ್ ಇದಕ್ಕೆ ಪರಿಹಾರ ಸೂಚಿಸಿದರು: ಅಳತೆಗೆ ಹೊಂದುವುದರ ಜೊತೆಗೆ ಉತ್ತರ ಅತಿಯಾಗಿ ಏರಿಳಿಯದಂತೆಯೂ ಒಂದು ಕಟ್ಟು ಹಾಕುವುದು. ಆ ಕಟ್ಟು ಎಷ್ಟು ಬಿಗಿಯಿರಬೇಕೆಂಬುದು ಅಳತೆಯಲ್ಲಿರುವ ದೋಷದ ಪ್ರಮಾಣವನ್ನು ಅವಲಂಬಿಸುತ್ತದೆ, ಮತ್ತು ಆ ಪ್ರಮಾಣವನ್ನು ಗ್ಯಾಲರಿಯಲ್ಲಿ ಮೈಕ್ ಇಟ್ಟವರೇ ಸಾಫ್ಟ್‌ವೇರ್‌ಗೆ ತಿಳಿಸಬೇಕು.